ಸಂಪಾದಕರ ಉತ್ತರ: ಭಾಷೆ ಎರಡಾದರೆ ಯುದ್ಧ ತಪ್ಪಿದ್ದಲ್ಲವೇ?

ಮಲ್ಪೆಯ ಓದುಗರೊಬ್ಬರು ಬರೆದಿದ್ದಾರೆ: "ಶ್ರೀಲಂಕಾದ ಯುದ್ಧದ ಬಗ್ಗೆ ನಿಮ್ಮ ಲೇಖನ ಓದಿದೆ. ಎರಡು ಭಾಷೆಯವರು ಒಂದೇ ದ್ವೀಪದಲ್ಲಿದ್ದರೆ ಹೊಡೆದಾಟ ಆಗಿಯೇ ಆಗುತ್ತದೆ. ಅದಕ್ಕೆ ಸೀಟು, ಕೆಲಸ, ದುಡ್ಡು ಅಂತ ಕಾರಣ ಹುಡುಕುವುದು ಯಾಕೆ? ಹೇಗೂ 2009ಕ್ಕೆ ಎಲ್ಲ ಮುಗಿಯಿತಲ್ಲ."

ಪ್ರೀತಿಯ ಓದುಗರೇ,

ನಿಮ್ಮ ಮಲ್ಪೆ ಬಂದರಿನಲ್ಲೇ ಎಷ್ಟು ಭಾಷೆ ಕೇಳಿಸುತ್ತದೆ! ತುಳು, ಕೊಂಕಣಿ, ಬ್ಯಾರಿ, ಕನ್ನಡ, ಬೋಟಿನ ಕೆಲಸಕ್ಕೆ ಬಂದ ಒಡಿಶಾದವರ ಮಾತು. ಭಾಷೆ ಜಾಸ್ತಿ ಇದ್ದ ಮಾತ್ರಕ್ಕೆ ಯುದ್ಧ ಆಗುವುದಿಲ್ಲ. ಕೆಲವರಿಗೆ ಬದುಕುವ ದಾರಿಯನ್ನೇ ಮುಚ್ಚಿದಾಗ ಅದರ ಬೀಜ ಬೀಳುತ್ತದೆ.

1948ರ ಕಾನೂನಿನಿಂದ ಲಂಕೆಯ ಚಹಾ ತೋಟಗಳ ತಮಿಳು ಕೆಲಸಗಾರರಿಗೆ ಪೌರತ್ವವೇ ಇಲ್ಲದಂತಾಯಿತು. ಅವರಲ್ಲಿ 5,25,000 ಜನರನ್ನು ಕರೆಸಿಕೊಳ್ಳಲು 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಒಪ್ಪಿದರು. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ತಮಿಳು ಕುಟುಂಬಗಳು ಹಾಗೆ ಬಂದವು. ಈ ನಡುವೆ 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಆಯಿತು. ಸರ್ಕಾರಿ ಕೆಲಸವನ್ನು ನಂಬಿದ್ದ ಉತ್ತರ ಲಂಕೆಯ ಜಾಫ್ನಾದ ತಮಿಳು ಮನೆಗಳಿಗೆ ಅದು ದೊಡ್ಡ ಪೆಟ್ಟು. ಮುಂದೆ ಮೆಡಿಕಲ್ ಸೀಟಿಗೆ ತಮಿಳು ಮಾಧ್ಯಮದವರಿಗೆ 400ಕ್ಕೆ 250 ಅಂಕ ಬೇಕಾಯಿತು, ಸಿಂಹಳ ಮಾಧ್ಯಮದವರಿಗೆ 229 ಸಾಕಾಯಿತು. ಮಣಿಪಾಲದ ಪಕ್ಕದಲ್ಲಿರುವ ನಿಮಗೆ ಮೆಡಿಕಲ್ ಸೀಟಿನ ಬೆಲೆ ನಾನು ಹೇಳಬೇಕಿಲ್ಲ.

ಇನ್ನೊಂದು ಸಂಗತಿ ನೋಡಿ. 1971ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರದ ಮೇಲೆ ಬಂದೂಕು ಎತ್ತಿದವರು ತಮಿಳರಲ್ಲ. ಓದಿಯೂ ಕೆಲಸ ಸಿಗದ ಹಳ್ಳಿಯ ಸಿಂಹಳ ಯುವಕರು. ಸಿಂಹಳರದೇ ಸರ್ಕಾರ, ಸಿಂಹಳರದೇ ದಂಗೆ. 1987-89ರಲ್ಲೂ ಹಾಗೇ ಆಯಿತು. ಬರೀ ಭಾಷೆಯೇ ಕಾರಣ ಅಂದರೆ ಇದಕ್ಕೆ ಏನು ಹೇಳುತ್ತೀರಿ?

ಹಾಗಂತ ದ್ವೇಷ ಸುಳ್ಳಲ್ಲ. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳನ್ನು ಹುಡುಕಿ ಹುಡುಕಿ ಸುಟ್ಟರು. ಅಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ.

ಆದರೆ "ಎಲ್ಲ ಮುಗಿಯಿತು" ಅಂದದ್ದು ನನಗೆ ನೋವು ತಂದಿತು. ನಮ್ಮಲ್ಲಿ ಮಳೆಗಾಲದ ಎರಡು ತಿಂಗಳು ಬೋಟು ನಿಂತರೇ ಎಷ್ಟೋ ಮನೆಗಳು ಸಾಲ ಮಾಡುತ್ತವೆ, ಅಲ್ವಾ? ಉತ್ತರ ಲಂಕೆಯ ಮೀನುಗಾರರಿಗೆ ವರ್ಷಗಟ್ಟಲೆ ಕಡಲಿಗಿಳಿಯಲು ನಿರ್ಬಂಧವಿತ್ತು. 1990ರಲ್ಲಿ ತಮಿಳರ ಪ್ರತ್ಯೇಕ ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಸಂಘಟನೆಯು ಉತ್ತರದ ಸುಮಾರು 75,000 ಮುಸ್ಲಿಮರನ್ನು ಊರು ಬಿಡಿಸಿತು. ಅವರ ಮನೆಮಾತೂ ತಮಿಳೇ! ಹೆಚ್ಚಿನವರು ಪಶ್ಚಿಮ ಕರಾವಳಿಯ ಪುತ್ತಳಂ ಸೇರಿದರು. ಯುದ್ಧ ನಿಂತ ಮೇಲೆ ವಾಪಸ್ ಹೋದವರಿಗೆ ಸಿಕ್ಕಿದ್ದು ಕಾಡು ಬೆಳೆದ ಜಾಗ, ಗೋಡೆ ಬಿದ್ದ ಮನೆ. ಅಷ್ಟರಲ್ಲಿ ಮಕ್ಕಳ ಶಾಲೆ, ದುಡಿಮೆ, ಮದುವೆ ಎಲ್ಲ ಪುತ್ತಳಂನಲ್ಲೇ ಆಗಿತ್ತು. ಎಷ್ಟೋ ಕುಟುಂಬಗಳು ಇನ್ನೂ ಅಲ್ಲೇ ಇವೆ.

- ಸಂ.