ಮಿನಿ ಕುದುರೆನ ಮೇಕೆ, ದನಗಳ ಜೊತೆ ಒಂದೇ ಕಡೆ ಬಿಡಬಹುದಾ?

ಒಂದೇ ಒಂದು ಮಿನಿಯೇಚರ್ ಕುದುರೆ ತಗೋತೀವಿ, ಜೊತೆಗೆ ಮೇಕೆ ದನ ಇದ್ದೇ ಇವೆ, ಹೊಂದ್ಕೊಳ್ಳತ್ತಾ ಅಂತ ಕೇಳಿದೀರಿ. ಹೊಂದ್ಕೊಳ್ಳತ್ತೆ. ನಮ್ಮದೂ ಚೆನ್ನಾಗೇ ಹೊಂದ್ಕೊಂಡಿತ್ತು, ನಾನು ಯಾಮಾರಿದ್ದೇ ಅಲ್ಲಿ.

ನಾವಿರೋದು ಟೆಕ್ಸಸ್, ಆಸ್ಟಿನ್‌ನಿಂದ ಒಂದು ಗಂಟೆ ದಾರಿ, 12 ಎಕರೆ. ಇಲ್ಲಿ ಜಮೀನಿನ ಪ್ರಾಪರ್ಟಿ ಟ್ಯಾಕ್ಸ್ ಕಮ್ಮಿ ಆಗ್ಬೇಕಂದ್ರೆ ಬೇಸಾಯನೋ ಪಶುಪಾಲನೆನೋ ಮಾಡ್ತಿರಬೇಕು, ಶೋಕಿಗೆ ಸಾಕಿದ ಕುದುರೆ ಆ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಮೊದಲು ಬಂದಿದ್ದು ಐದು ದನ, ಆರು ಮೇಕೆ. ಕುದುರೆ ಮಗಳ ಹಠಕ್ಕೆ. ಕತ್ತಿನ ಕೂದಲು ಮುಗಿಯೋ ಜಾಗಕ್ಕೆ ಅಳೆದ್ರೆ ಎತ್ತರ 32 ಇಂಚು, ತೂಕ 90 ಕಿಲೋ ಆಸುಪಾಸು, ಹೆಸರು ಗುಂಡ. ಎರಡು ದಿನ ಬೇಲಿ ಪಕ್ಕ ನಿಂತು ಕೆನೆದ, ಮೂರನೇ ದಿನಕ್ಕೆ ಗೌರಿ ಅನ್ನೋ ಮೇಕೆ ಅವನ ಹೊಟ್ಟೆಗೆ ಒರಗಿ ಮಲಗಿತ್ತು. ನಾನು ಹಾಸನದ ಕಡೆಯವನು, ನಮ್ಮಜ್ಜನ ಕೊಟ್ಟಿಗೆಲಿ ಎತ್ತು, ಎಮ್ಮೆ, ಮೇಕೆ, ಕೋಳಿ ಎಲ್ಲಾ ಒಂದೇ ಸೂರಿನಡಿ ಇದ್ವು, ಇದೂ ಅದೇ ತಾನೇ ಅಂದ್ಕೊಂಡೆ.

ಅದೇ ಅಲ್ಲ. ಅಜ್ಜನ ಕೊಟ್ಟಿಗೆಲಿ ಕುದುರೆ ಇರಲಿಲ್ಲ.

ದನಗಳಿಗೆ ಒಂದು ಮಿನರಲ್ (ಉಪ್ಪು, ಖನಿಜ ಬೆರೆಸಿದ ಪುಡಿ) ತೊಟ್ಟಿ ಇಟ್ಟಿದ್ದೆ, ಮಳೆ ಬೀಳದ ಹಾಗೆ ಮೇಲೆ ರಬ್ಬರ್ ಮುಚ್ಚಳ. ವರ್ಷಗಟ್ಟಲೆ ಸಾದಾ ಮಿನರಲ್ ಹಾಕ್ತಿದ್ದವನು ಕರುಗಳು ಬೇಗ ಮೈ ತುಂಬ್ಕೊಳ್ಳಲಿ ಅಂತ ಆ ಸಲ ಔಷಧಿ ಸೇರಿರೋದು ತಂದೆ. ಅದರಲ್ಲಿದ್ದಿದ್ದು ಮೊನೆನ್ಸಿನ್. ದನಕ್ಕೆ ಒಳ್ಳೇದೇ, ಕುದುರೆಗೆ ಹೃದಯದ ಸ್ನಾಯುನೇ ಹಾಳು ಮಾಡತ್ತೆ. ಮೈತೂಕದ ಕಿಲೋಗೆ 2-3 ಮಿಲಿಗ್ರಾಂ ಪ್ರಾಣ ತೆಗೆಯೋಕೆ ಸಾಕು, ದನಕ್ಕಾದ್ರೆ ಅದರ ಹತ್ತು ಪಟ್ಟು ಬೇಕು. ಈಗ ಲೆಕ್ಕ ಹಾಕಿ, 500 ಕಿಲೋ ಕುದುರೆಗೆ ಒಂದು ಗ್ರಾಂ ಮೇಲೆ ಬೇಕು, ನಮ್ಮ ಗುಂಡನಿಗೆ ಕಾಲು ಗ್ರಾಂ. ಅಂದ್ರೆ ಆ ಮಿನರಲ್ ಒಂದೆರಡು ಹಿಡಿ ಅಷ್ಟೆ. ಕಾಕಂಬಿ ವಾಸನೆ ಬೇರೆ ಇತ್ತು ಅದಕ್ಕೆ. ಮೂಟೆ ಬಾಯಿಯ ಹೊಲಿಗೆಲಿ ಸಿಕ್ಕಿಸಿರೋ ಚೀಟಿಲಿ ಕುದುರೆಗೆ ಸಿಗದ ಹಾಗೆ ಇಡಿ, ಸಾಯತ್ತೆ ಅಂತ ಸ್ಪಷ್ಟವಾಗೇ ಬರೆದಿತ್ತು. ನಾನು ಆ ಚೀಟಿನ ಹೊಲಿಗೆ ದಾರದ ಜೊತೆಗೇ ಕಿತ್ತು ಜೇಬಿಗೆ ಹಾಕ್ಕೊಂಡೆ, ಓದಲಿಲ್ಲ. ಯಾಕೆ ಓದಬೇಕು, ಬಣ್ಣ ಅದೇ, ಮೂಟೆ ಸೈಜ್ ಅದೇ, ಅಂಗಡಿ ಅದೇ.

ಮಾರನೇ ಬೆಳಗ್ಗೆ ಚಳಿ ಇತ್ತು, ಗುಂಡ ಬೆವರ್ತಿದ್ದ. ಹಿಂಗಾಲು ತೂರಾಡ್ತಿತ್ತು, ಕ್ಯಾರೆಟ್ ಮೂಸಿ ಬಿಟ್ಟ. ಹೊಟ್ಟೆನೋವಿರಬೇಕು ಅಂತ ಒಂದು ಗಂಟೆ ನಡೆಸಾಡಿಸಿದೆ, ಅದೂ ತಪ್ಪು, ಆ ಹೃದಯಕ್ಕೆ ಒಂದು ಹೆಜ್ಜೆನೂ ಭಾರ. ಡಾಕ್ಟರ್ ಬಂದು ಎದೆಗೆ ಸ್ಟೆತಸ್ಕೋಪ್ ಇಟ್ರು, ಏನು ತಿಂದ ಅಂತ ಕೇಳಿ ಸೀದಾ ತೊಟ್ಟಿ ಹತ್ರ ಹೋಗಿ ರಬ್ಬರ್ ಎತ್ತಿದ್ರು. ಅದರ ಒಳಂಚಿಗೆ ಗುಂಡನ ಹಣೆಯ ಕೆಂಚು ಕೂದಲು ಅಂಟಿತ್ತು. ಕುದುರೆಗೆ ವಾಂತಿ ಆಗಲ್ಲ, ಈ ವಿಷಕ್ಕೆ ಪ್ರತ್ಯೌಷಧ ಇಲ್ಲ. ಮೂಗಿಂದ ನಳಿಕೆ ಇಳಿಸಿ ಇದ್ದಿಲಿನ ನೀರು ಹಾಕಿದ್ರು. ಮರುದಿನ ಮಧ್ಯಾಹ್ನ ಹೋದ. ಮೇಕೆಗಳು ಉಳಿದಿದ್ದು ಅವುಗಳ ಪುಣ್ಯ.

ಹಾಗಾಗಿ ಜೊತೆಗೆ ಹೊಂದ್ಕೊಳ್ಳತ್ತಾ ಅನ್ನೋ ಪ್ರಶ್ನೆನೇ ಬಿಡಿ. ಯಾರ ಬಾಯಿ ಯಾವ ತೊಟ್ಟಿಗೆ ಎಟುಕತ್ತೆ ಅಂತ ಕೇಳ್ಕೊಳ್ಳಿ. ದೊಡ್ಡ ಕುದುರೆ ಆಗಿದ್ರೆ ಮೇಕೆ ಮಾತ್ರ ನುಗ್ಗೋ ಕಿಂಡಿ ಬಿಟ್ಟು ಒಳಗೆ ಮೇವಿಡಬಹುದು, ಮಿನಿಗೆ ಅದೂ ನಡೆಯಲ್ಲ, ಮೇಕೆ ನುಗ್ಗೋ ಕಡೆ ಇದೂ ನುಗ್ಗತ್ತೆ. ಕುರಿ ಇದ್ರೆ ಉಲ್ಟಾ ಕಥೆ, ಕುದುರೆ ಮಿನರಲ್‌ನಲ್ಲಿರೋ ತಾಮ್ರ ಕುರಿಗೆ ವಿಷ. ಹಸಿರು ಹುಲ್ಲಲ್ಲಿ ಇಡೀ ದಿನ ಬಿಟ್ರೆ ಮಿನಿ ಊದ್ಕೊಂಡು ಗೊರಸಿನ ಬೇನೆ ಬರಿಸ್ಕೊಳ್ಳತ್ತೆ, ಮೇಯೋ ಹೊತ್ತಲ್ಲಿ ಸ್ವಲ್ಪ ಸ್ವಲ್ಪವೇ ಹುಲ್ಲು ಸಿಗೋ ಹಾಗೆ ತೂತಿರೋ ಕುಕ್ಕೆ ಬಾಯಿಗೆ ಕಟ್ಟಿ. ಒಂದು ಲಾಭ ಇದೆ, ಮೇಕೆನ ಕೊಲ್ಲೋ ಹೊಟ್ಟೆಹುಳ ಕುದುರೆ ಹೊಟ್ಟೆಲಿ ಬದುಕಲ್ಲ, ಒಂದಾದ ಮೇಲೊಂದು ಮೇಯಿಸಿದ್ರೆ ಹುಲ್ಲುಗಾವಲು ಒಂಚೂರು ಶುದ್ಧ ಆಗತ್ತೆ.

ಮತ್ತೆ ಒಂದೇ ಒಂದು ತರಬೇಡಿ. ಮೇಕೆ ಒರಗಿ ಮಲಗತ್ತೆ ನಿಜ, ಆದ್ರೆ ಕುದುರೆಗೆ ಕುದುರೆ ಥರ ಬೆನ್ನು ಕೆರೆದುಕೊಡಲ್ಲ. ಈಗ ನಮ್ಮಲ್ಲಿ ಎರಡಿವೆ, ಹುಲ್ಲಿಲ್ಲದ ಬೇರೆ ಅಂಕಣ, ನಡುವೆ ಜಾಲರಿ ಬೇಲಿ, ಆ ಕಡೆ ಗೌರಿ. ಔಷಧಿ ಇರೋ ಮೂಟೆ ಮಾತ್ರ ಗೇಟಿನೊಳಗೆ ಬರಲ್ಲ, ಕರು ಎಷ್ಟಾದ್ರೂ ಬೆಳೀಲಿ.

ನಿಮ್ಮ ದನಕ್ಕೆ ಈಗ ಯಾವುದು ಹಾಕ್ತಿದೀರಿ? ಮೂಟೆ ಚೀಟಿದು ಫೋಟೋ ತೆಗೆದು ಕೆಳಗೆ ಹಾಕಿ, ಕುದುರೆ ತರೋಕೆ ಮುಂಚೆ.