ಚೆಸ್ಟ್ ತುಂಬಿತೇ? ಮೊದಲು ಬ್ಲಾಕ್ ಮಾಡಿ

ಪ್ರ: ಮೈನ್‌ಕ್ರಾಫ್ಟ್ ಆಟದ ಸರ್ವೈವಲ್ ಲೋಕದಲ್ಲಿ ನನ್ನ ಮನೆ ತುಂಬ ಚೆಸ್ಟ್‌ಗಳೇ (ಸಾಮಾನಿಡುವ ಪೆಟ್ಟಿಗೆ). 14 ಆಗಿವೆ, ಆದರೂ ಜಾಗ ಸಾಲುತ್ತಿಲ್ಲ. ಕಲ್ಲಿದ್ದಲು, ರೆಡ್‌ಸ್ಟೋನ್ (ಕೆಂಪು ಪುಡಿ), ಕಬ್ಬಿಣ ಎಲ್ಲಾ ಕಲಸಿಹೋಗಿದೆ. ಇನ್ನೂ ಚೆಸ್ಟ್ ಮಾಡುತ್ತಾ ಹೋಗಬೇಕಾ?

ಉ: ಬೇಡ. ನಿಮಗೆ ಜಾಗ ಕಮ್ಮಿ ಇಲ್ಲ, ಸಾಮಾನು ಬಿಡಿಬಿಡಿಯಾಗಿ ಬಿದ್ದಿದೆ ಅಷ್ಟೇ. ಸಾಮಾನು ತಯಾರಿಸುವ ಕ್ರಾಫ್ಟಿಂಗ್ ಟೇಬಲ್‌ನ 9 ಮನೆಗಳಲ್ಲೂ ಒಂದೊಂದು ಕಲ್ಲಿದ್ದಲು ಇಡಿ, ಒಂದು ಕಲ್ಲಿದ್ದಲು ಬ್ಲಾಕ್ ಸಿಗುತ್ತದೆ. ಆ ಬ್ಲಾಕ್ ಒಂದನ್ನೇ ಮತ್ತೆ ಟೇಬಲ್ ಮೇಲಿಟ್ಟರೆ 9 ಕಲ್ಲಿದ್ದಲು ವಾಪಸ್. ಒಂದೂ ನಷ್ಟವಿಲ್ಲ. ಕಬ್ಬಿಣ ಮತ್ತು ಚಿನ್ನದ ಇಂಗಟ್ (ಕರಗಿಸಿದ ಗಟ್ಟಿ), ವಜ್ರ, ಪಚ್ಚೆ, ಲ್ಯಾಪಿಸ್ (ನೀಲಿ ಕಲ್ಲು), ರೆಡ್‌ಸ್ಟೋನ್, ಗೋಧಿ ಎಲ್ಲಕ್ಕೂ ಇದೇ ಲೆಕ್ಕ. ಒಂದು ಚೆಸ್ಟ್‌ನಲ್ಲಿ 27 ಸ್ಲಾಟ್ (ಖಾನೆ), ಪ್ರತಿ ಸ್ಲಾಟ್‌ಗೆ 64. ಅಂದರೆ ಬಿಡಿ ಕಲ್ಲಿದ್ದಲು 1,728 ಹಿಡಿಯುವ ಜಾಗದಲ್ಲಿ ಬ್ಲಾಕ್ ಮಾಡಿಟ್ಟರೆ 15,552 ಹಿಡಿಯುತ್ತದೆ. ನಿಮ್ಮ 14 ಚೆಸ್ಟ್‌ನಲ್ಲಿ ಅರ್ಧಕ್ಕರ್ಧ ಖಾಲಿಯಾದರೂ ಆಶ್ಚರ್ಯವಿಲ್ಲ.

ಇನ್ನೊಂದು ಮಾತು. ಇದನ್ನು ಮನೆಗೆ ಬಂದ ಮೇಲೆ ಮಾಡೋಣ ಎಂದು ಕಾಯಬೇಡಿ. ಗಣಿಗೆ ಇಳಿಯುವಾಗಲೇ ಒಂದು ಕ್ರಾಫ್ಟಿಂಗ್ ಟೇಬಲ್ ಜೊತೆಗಿಟ್ಟುಕೊಳ್ಳಿ, ಏಕೆಂದರೆ ಒಂದು ರೆಡ್‌ಸ್ಟೋನ್ ಅದಿರು ಒಡೆದರೆ 4-5 ಪುಡಿ ಬೀಳುತ್ತದೆ, ಲ್ಯಾಪಿಸ್ ಆದರೆ 9ರ ತನಕವೂ ಬೀಳುತ್ತದೆ, ನೋಡನೋಡುತ್ತಲೇ ಕೈಯಲ್ಲಿರುವ 36 ಸ್ಲಾಟ್ ಭರ್ತಿಯಾಗಿ ಒಳ್ಳೆಯ ಸಾಮಾನನ್ನೇ ಎಸೆಯುವ ಸ್ಥಿತಿ ಬರುತ್ತದೆ. ಅಲ್ಲೇ ಕೂತು ಬ್ಲಾಕ್ ಮಾಡಿ. ಕರಗಿಸದ ಕಬ್ಬಿಣವನ್ನೂ 9 ಸೇರಿಸಿ ಬ್ಲಾಕ್ ಮಾಡಬಹುದು. ಆದರೆ ಆ ಬ್ಲಾಕನ್ನು ಹಾಗೇ ಫರ್ನೇಸ್‌ಗೆ (ಕುಲುಮೆಗೆ) ಹಾಕಲು ಬರುವುದಿಲ್ಲ, ಮೊದಲು ಬಿಡಿ ಮಾಡಿಕೊಳ್ಳಬೇಕು.

ಪ್ರ: ಹಾಗಾದರೆ ಎಲ್ಲವನ್ನೂ ಬ್ಲಾಕ್ ಮಾಡಿಬಿಡಬಹುದಲ್ವಾ?

ಉ: ಖಂಡಿತ ಬೇಡ! ಇಲ್ಲೇ ಜಾಸ್ತಿ ಜನ ಎಡವುವುದು. ಕ್ವಾರ್ಟ್ಜ್ 4 ಸೇರಿಸಿ ಬ್ಲಾಕ್ ಮಾಡಿದರೆ ಮುಗಿಯಿತು, ಅದು ಮತ್ತೆ ಬಿಡಿಯಾಗುವುದಿಲ್ಲ. ಅಮೆಥಿಸ್ಟ್ (ನೇರಳೆ ಹರಳು), ನೆದರ್ ವಾರ್ಟ್ (ಆಟದ ಒಂದು ಬೆಳೆ) ಕೂಡ ಹಾಗೇ. ಕಲ್ಲಂಗಡಿ ಹೋಳು 9 ಹಾಕಿ ಇಡೀ ಹಣ್ಣು ಮಾಡಿ ಒಡೆದರೆ 3ರಿಂದ 7 ಹೋಳು ಮಾತ್ರ ಸಿಗುತ್ತದೆ. ಗೊತ್ತಿಲ್ಲದ ಸಾಮಾನಾದರೆ ಮೊದಲು ಒಂದೇ ಒಂದು ಬ್ಲಾಕ್ ಮಾಡಿ, ಬಿಚ್ಚಿ ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ.

ಪ್ರ: ಮನೆ ಮುಂದೆ ಚಂದಕ್ಕೆ ಇಟ್ಟಿದ್ದ ವಜ್ರದ ಬ್ಲಾಕನ್ನು ತಮ್ಮ ಒಡೆದುಹಾಕಿದ. ಏನೂ ಬೀಳಲೇ ಇಲ್ಲ. ಆಟದ ತಪ್ಪಾ?

ಉ: ಅಯ್ಯೋ, 9 ವಜ್ರ ಹೋಯಿತು. ಆದರೆ ಆಟದ ತಪ್ಪಲ್ಲ. ವಜ್ರ, ಚಿನ್ನ, ಪಚ್ಚೆಯ ಬ್ಲಾಕ್ ಒಡೆಯಲು ಕಬ್ಬಿಣದ ಪಿಕಾಕ್ಸ್ (ಗುದ್ದಲಿ) ಅಥವಾ ಅದಕ್ಕಿಂತ ಗಟ್ಟಿಯದು ಬೇಕು. ಕಬ್ಬಿಣ ಮತ್ತು ಲ್ಯಾಪಿಸ್ ಬ್ಲಾಕ್‌ಗೆ ಕಲ್ಲಿನ ಪಿಕಾಕ್ಸ್ ಸಾಕು. ಬರಿಗೈಯಲ್ಲಿ ಒಡೆದರೆ ಬ್ಲಾಕ್ ಮಾಯವಾಗುತ್ತದೆ, ಕೈಗೆ ಏನೂ ಬರುವುದಿಲ್ಲ. ನಾನೂ ಹೀಗೆ ಕಳೆದುಕೊಂಡಿದ್ದೇನೆ, ಆ ಸಂಕಟ ಗೊತ್ತು. ತಮ್ಮನಿಗೆ ಬೈಯಬೇಡಿ, ಒಂದು ಕಬ್ಬಿಣದ ಪಿಕಾಕ್ಸ್ ಕೊಡಿ.

ಪ್ರ: ಮಗಳ ಜೊತೆ ಆಡುತ್ತೇನೆ. ಚೆಸ್ಟ್‌ಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲೆ ಕಲ್ಲಿನ ಛಾವಣಿ ಹಾಕಿದೆವು. ಮೇಲಿನದು ತೆರೆಯುತ್ತಲೇ ಇಲ್ಲ.

ಉ: ಚೆಸ್ಟ್‌ನ ನೆತ್ತಿಗೆ ಅಂಟಿಕೊಂಡು ಗಟ್ಟಿ ಬ್ಲಾಕ್ ಇದ್ದರೆ ಮುಚ್ಚಳ ಏಳುವುದಿಲ್ಲ. ಆ ಸಾಲಿಗೆ ಬ್ಯಾರೆಲ್ (ಮರದ ಪೀಪಾಯಿ) ಇಡಿ. 6 ಹಲಗೆ, 2 ಮರದ ಸ್ಲ್ಯಾಬ್ ಸಾಕು, ಅದರಲ್ಲೂ 27 ಸ್ಲಾಟ್ ಇದೆ. ಮೇಲೆ ಏನಿದ್ದರೂ ತೆರೆಯುತ್ತದೆ.

ಪ್ರ: ಕಲ್ಲಿದ್ದಲು ಬ್ಲಾಕನ್ನೇ ಫರ್ನೇಸ್‌ಗೆ ಹಾಕಿದರೆ ಲಾಭವಾ?

ಉ: ಹೌದು, ಸ್ವಲ್ಪ. ಒಂದು ಕಲ್ಲಿದ್ದಲು 8 ಸಾಮಾನು ಬೇಯಿಸುತ್ತದೆ, ಹಾಗಾಗಿ 9ಕ್ಕೆ 72. ಬ್ಲಾಕ್ ಆದರೆ 80. ಆದರೆ ಒಮ್ಮೆ ಹೊತ್ತಿಕೊಂಡ ಮೇಲೆ ಫರ್ನೇಸ್ ಖಾಲಿ ಇದ್ದರೂ ಅದು ಉರಿದೇ ತೀರುತ್ತದೆ, ಒಟ್ಟು 800 ಸೆಕೆಂಡ್. ನಾಲ್ಕು ತುಂಡು ಮಾಂಸಕ್ಕೆ ಬ್ಲಾಕ್ ಹಾಕಬೇಡಿ, 80 ಕಬ್ಬಿಣ ಒಂದೇ ಸಮನೆ ಕರಗಿಸುವ ದಿನ ಹಾಕಿ.