ಹವಳದ ತೊಟ್ಟಿಗೆ ಜಾಗ ಮಾಡುವ ಮೊದಲು

ಪ್ರಶ್ನೆ: ಉಡುಪಿಯ ಸಂತೆಕಟ್ಟೆಯ ಬಳಿ ನಾವು ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಗಾರೆ ಕೆಲಸ ಮುಗಿದಿದೆ, ಮುಂದಿನ ತಿಂಗಳು ಟೈಲ್ಸ್ ಹಾಸುವವರು ಬರುತ್ತಾರೆ. ಮೇಲಿನ ಹಾಲ್‌ನಲ್ಲಿ ಎಂಟು ಅಡಿ ಉದ್ದ, ಮೂರು ಅಡಿ ಅಗಲ, ಎರಡೂವರೆ ಅಡಿ ಎತ್ತರದ ತೊಟ್ಟಿಯಿಟ್ಟು ಜೀವಂತ ಹವಳ ಮತ್ತು ಕಡಲ ಮೀನುಗಳನ್ನು ಸಾಕಬೇಕೆಂಬುದು ನನ್ನ ಬಹುದಿನದ ಆಸೆ. ಸಿಹಿನೀರಿನ ಮೀನು ಸಾಕಿ ಹತ್ತು ವರ್ಷಗಳ ಅನುಭವವಿದೆ. ಈಗಲೇ ಏನೇನು ಏರ್ಪಾಡು ಮಾಡಿಟ್ಟುಕೊಳ್ಳಬೇಕು?
– ಓದುಗರು, ಸಂತೆಕಟ್ಟೆ

ಉತ್ತರ: ಟೈಲ್ಸ್ ಹಾಸುವ ಮೊದಲೇ ನೀವು ಕೇಳಿದ್ದು ಒಳ್ಳೆಯದಾಯಿತು. ಈ ವಿಷಯದಲ್ಲಿ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಗಾಜು ಮನೆಗೆ ಬಂದ ಮೇಲೆ ಬರೆದವು. ಮೊದಲ ಸಲಹೆ ನಿಮಗೆ ಬೇಸರ ತರಬಹುದು, ಆದರೂ ಹೇಳಲೇಬೇಕು: ತೊಟ್ಟಿಯನ್ನು ಕೆಳಗಿನ ಅಂತಸ್ತಿಗೆ ತನ್ನಿ. ನೀವು ಕೊಟ್ಟ ಅಳತೆಯ ತೊಟ್ಟಿ ಸುಮಾರು 1,680 ಲೀಟರ್ ನೀರು ಹಿಡಿಯುತ್ತದೆ. ಕಡಲ ನೀರು ಲೀಟರಿಗೆ ಒಂದು ಕಿಲೋಗಿಂತ ತುಸು ಹೆಚ್ಚು ತೂಗುವುದರಿಂದ ನೀರಿನ ತೂಕವೇ 1,700 ಕಿಲೋ ದಾಟುತ್ತದೆ. 19 ಮಿ.ಮೀ. ದಪ್ಪದ ಗಾಜು ಸುಮಾರು 350 ಕಿಲೋ, ಕಲ್ಲು ಮತ್ತು ಮರಳು ಇನ್ನೂರು ಕಿಲೋ, ನೀರನ್ನು ಶುದ್ಧಗೊಳಿಸಲು ತೊಟ್ಟಿಯ ಕೆಳಗೆ ಇಡುವ ಸಣ್ಣ ತೊಟ್ಟಿಯಲ್ಲಿ, ಅಂದರೆ ಸಂಪ್‌ನಲ್ಲಿ, ಮುನ್ನೂರು ಲೀಟರ್ ನೀರು, ಜೊತೆಗೆ ಸ್ಟ್ಯಾಂಡ್, ಇವೆಲ್ಲ ಸೇರಿದರೆ ಎರಡು ಮುಕ್ಕಾಲು ಟನ್ ಹತ್ತಿರವಾಗುತ್ತದೆ. ಈ ಭಾರವೆಲ್ಲ ಕೂರುವುದು ಎರಡು ಚಿಲ್ಲರೆ ಚದರ ಮೀಟರ್ ಜಾಗದ ಮೇಲೆ, ಅಂದರೆ ಚದರ ಮೀಟರಿಗೆ ಸುಮಾರು 1,200 ಕಿಲೋ. ವಾಸದ ಕೋಣೆಯ ಸ್ಲ್ಯಾಬಿಗೆ ಕಟ್ಟಡದ ಭಾರಗಳ ಭಾರತೀಯ ಮಾನಕವಾದ ಐ.ಎಸ್. 875 ಸೂಚಿಸುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಎಂದರೆ ಸುಮಾರು ಇನ್ನೂರು ಕಿಲೋ. ನೆಂಟರಿಷ್ಟರು ತುಂಬಿದ ಹಾಲ್‌ನ ಭಾರ ಸಂಜೆಗೆ ಇಳಿದುಹೋಗುತ್ತದೆ, ತೊಟ್ಟಿಯ ಭಾರ ಹಗಲಿರುಳು ಅಲ್ಲೇ ಕೂತಿರುತ್ತದೆ. ಸ್ಲ್ಯಾಬ್ ಒಡೆಯದಿದ್ದರೂ ವರ್ಷಗಳಲ್ಲಿ ತುಸು ಬಾಗಿದರೆ ಸಾಕು, ಗಾಜು ತಿರುಚಿಕೊಂಡು ಸಿಲಿಕಾನ್ ಬೆಸುಗೆ ಬಿಡುತ್ತದೆ. ಮೇಲೆಯೇ ಬೇಕೆಂದು ನಿಶ್ಚಯಿಸಿದ್ದರೆ, ಬೀಮ್ ಎಲ್ಲಿ ಹಾದುಹೋಗಿದೆ, ಎಷ್ಟು ಕಂಬಿ ಹಾಕಿದೆ ಎಂದು ನಕ್ಷೆ ನೋಡಿ ಲೆಕ್ಕ ಹಾಕಬಲ್ಲ ಸ್ಟ್ರಕ್ಚರಲ್ ಎಂಜಿನಿಯರರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ‘ಏನೂ ಆಗುವುದಿಲ್ಲ’ ಎಂಬ ಬಾಯಿಮಾತನ್ನು ನೆಚ್ಚಬೇಡಿ.

ಕೆಳಗಿನ ಅಂತಸ್ತಿನಲ್ಲೂ ಒಂದು ಎಚ್ಚರ ಬೇಕು. ನಮ್ಮ ಕಡೆ ಪಂಚಾಂಗ (ತಳಪಾಯ) ಕಟ್ಟಿ, ಅದರೊಳಗೆ ಕೆಂಪು ಮಣ್ಣು ತುಂಬಿಸಿ, ಮೇಲೆ ತೆಳುವಾದ ಕಾಂಕ್ರೀಟು ಹಾಸಿ ನೆಲ ಮಾಡುವುದು ರೂಢಿ. ಆ ಮಣ್ಣು ಸರಿಯಾಗಿ ದಮ್ಮಸು ಆಗಿರದಿದ್ದರೆ ಒಂದೆರಡು ಮಳೆಗಾಲದೊಳಗೆ ಕುಸಿಯುತ್ತದೆ; ಸೋಫಾದ ಕೆಳಗೆ ಕುಸಿದರೆ ಟೈಲ್ಸ್ ಒಡೆಯುತ್ತದೆ, ತೊಟ್ಟಿಯ ಕೆಳಗೆ ಕುಸಿದರೆ ತೊಟ್ಟಿಯೇ ಹೋಗುತ್ತದೆ. ನೆಲ ಇನ್ನೂ ತೆರೆದಿರುವಾಗ ತೊಟ್ಟಿ ನಿಲ್ಲುವಷ್ಟು ಜಾಗವನ್ನು ಗಟ್ಟಿ ನೆಲ ಸಿಗುವವರೆಗೆ ಅಗೆಸಿ, ಅಲ್ಲಿಂದ ಕಂಬಿ ಕಟ್ಟಿದ ಪ್ರತ್ಯೇಕ ಕಾಂಕ್ರೀಟ್ ಹಾಸು ಎಬ್ಬಿಸಿ. ಸ್ಟ್ಯಾಂಡಿಗೆ ಪ್ಲೈವುಡ್ ಬೇಡ. ನನ್ನ ಮೊದಲ ತೊಟ್ಟಿಯ ಸ್ಟ್ಯಾಂಡನ್ನು ‘ನೀರಿಗೆ ಜಗ್ಗದ ಪ್ಲೈ’ ಎಂದು ನಂಬಿಸಿ ಮಾಡಿಕೊಟ್ಟಿದ್ದರು. ಎರಡನೆಯ ವರ್ಷದ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಬಾಗಿಲು ಮುಚ್ಚಲು ಬಾರದಂತಾಯಿತು, ಬಗ್ಗಿ ನೋಡಿದರೆ ಹಲಗೆಯ ಅಂಚು ನೆನೆದ ರಸ್ಕಿನಂತೆ ಉಬ್ಬಿತ್ತು, ಸ್ಕ್ರೂಗಳ ಸುತ್ತ ಬಿಳಿ ಉಪ್ಪು ಹೂವಿನ ಹಾಗೆ ಅರಳಿತ್ತು. ಆರು ನೂರು ಲೀಟರ್ ನೀರನ್ನು ಆ ಮಳೆಯಲ್ಲೇ ಡ್ರಮ್ಮುಗಳಿಗೆ ಇಳಿಸಬೇಕಾಯಿತು. ನಮ್ಮ ನೆಲದಲ್ಲೇ ಸಿಗುವ ಕೆಂಪು ಕಲ್ಲಿನ ಮೂರು ಗೋಡೆ ಕಟ್ಟಿಸಿ, ಗಾರೆ ಮಾಡಿಸಿ, ಮೇಲೆ ಗ್ರಾನೈಟ್ ಚಪ್ಪಡಿ ಕೂರಿಸಿ. ಉಪ್ಪಿಗೂ ತೇವಕ್ಕೂ ಇದರಷ್ಟು ಬಾಳುವ ಸ್ಟ್ಯಾಂಡನ್ನು ನಾನು ಕಂಡಿಲ್ಲ.

ಟೈಲ್ಸ್‌ನವರು ಬರುವ ಮೊದಲೇ ತೊಟ್ಟಿಯ ಹಿಂದೆ ನೀರಿನ ನಲ್ಲಿ, ನೆಲದಲ್ಲಿ ಚರಂಡಿಯ ಬಾಯಿ, ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನಿನ ಕಿಂಡಿ, ಹೊರಗಿನ ಯುಟಿಲಿಟಿಗೆ ಎರಡು ಪೈಪು ದಾಟಿಸುವಷ್ಟು ತೂತು, ಕರೆಂಟು 30 ಮಿಲಿಆಂಪ್ ಸೋರಿದೊಡನೆ ಲೈನನ್ನು ಕತ್ತರಿಸುವ ಆರ್‌ಸಿಸಿಬಿ ಸ್ವಿಚ್ ಇರುವ ಪ್ರತ್ಯೇಕ ವಿದ್ಯುತ್ ಲೈನ್, ಇಷ್ಟೂ ತಯಾರಿರಲಿ. ಉಪ್ಪುನೀರು ಮತ್ತು ಕರೆಂಟು ಒಂದೇ ಕಪಾಟಿನಲ್ಲಿರುವಾಗ ಆರ್‌ಸಿಸಿಬಿ ಇಲ್ಲದೆ ತೊಟ್ಟಿಗೆ ಕೈ ಹಾಕುವುದು ಪ್ರಾಣಾಪಾಯದ ಕೆಲಸ. ಗಾಜಿನಲ್ಲಿ ತೂತು ಕೊರೆಸುವುದಿದ್ದರೆ ಆ ಫಲಕ ಟಫನ್ಡ್ ಆಗಿರಬಾರದು, ಡ್ರಿಲ್ ತಾಗಿದೊಡನೆ ಚೂರುಚೂರಾಗುತ್ತದೆ. ಪಂಪು ನಿಂತಾಗ ಮೇಲಿನ ತೊಟ್ಟಿಯ ನೀರು ಸಂಪ್‌ಗೆ ಇಳಿಯುತ್ತದೆ; ನಿಮ್ಮ ತೊಟ್ಟಿಯಲ್ಲಿ ಮಟ್ಟ ಒಂದು ಸೆಂ.ಮೀ. ಇಳಿದರೆ 22 ಲೀಟರ್, ಮೂರು ಸೆಂ.ಮೀ. ಇಳಿದರೆ ಅರವತ್ತಾರು ಲೀಟರ್ ಆಯಿತು. ಅಷ್ಟು ಖಾಲಿ ಜಾಗ ಸಂಪ್‌ನಲ್ಲಿ ಸದಾ ಇರಬೇಕು, ಇಲ್ಲವಾದರೆ ಹೊಸ ಟೈಲ್ಸ್ ಮೇಲೆ ಕಡಲು ಹರಿಯುತ್ತದೆ.

ಇನ್ನು ಬಿಸಿಲಿನ ಮಾತು. ಕರಾವಳಿಯವರು ಎಲ್ಲಕ್ಕಿಂತ ಹೆಚ್ಚು ಸೋಲುವುದು ಇಲ್ಲೇ ಆದ್ದರಿಂದ ಇದನ್ನು ತುಸು ವಿವರವಾಗಿ ಹೇಳುತ್ತೇನೆ. ಹವಳ ಎಂಬುದು ಸಣ್ಣ ಸಣ್ಣ ಪ್ರಾಣಿಗಳ ಕೂಟ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿದ್ದು, ಬೆಳಕಿನಿಂದ ತಯಾರಿಸಿದ ಆಹಾರದ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತವೆ. ನೀರು ಹಲವು ದಿನ ಅತಿಯಾಗಿ ಬಿಸಿಯಾದರೆ ಈ ಪಾಚಿಗಳು ಹವಳದಿಂದ ಹೊರಬೀಳುತ್ತವೆ, ಹವಳ ಸುಣ್ಣದಂತೆ ಬೆಳ್ಳಗಾಗುತ್ತದೆ, ಚೇತರಿಸಿಕೊಳ್ಳದಿದ್ದರೆ ಸಾಯುತ್ತದೆ. ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ 1998, 2010 ಮತ್ತು 2016ರಲ್ಲಿ ಆದದ್ದು ಇದೇ. ತೊಟ್ಟಿಯ ನೀರು 25ರಿಂದ 27 ಡಿಗ್ರಿಯೊಳಗೆ ಇರಬೇಕು, ಆದರೆ ಏಪ್ರಿಲ್‌ನಲ್ಲಿ ಉಡುಪಿಯ ಮನೆಯೊಳಗೇ 32 ಡಿಗ್ರಿ ಇರುತ್ತದೆ, ಅದರ ಮೇಲೆ ದೀಪ ಮತ್ತು ಪಂಪುಗಳ ಕಾವು ಬೇರೆ. ಬೆಂಗಳೂರಿನವರು ನೀರಿನ ಮೇಲೆ ಫ್ಯಾನ್ ಬೀಸಿ ಆವಿಯ ಮೂಲಕ ಮೂರ್ನಾಲ್ಕು ಡಿಗ್ರಿ ಇಳಿಸಿಕೊಳ್ಳುತ್ತಾರೆ. ಬಟ್ಟೆಯೇ ಒಣಗದ ನಮ್ಮ ಗಾಳಿಯಲ್ಲಿ ಆ ಉಪಾಯ ಒಂದೆರಡು ಡಿಗ್ರಿಗೆ ನಿಂತುಬಿಡುತ್ತದೆ. ಆದ್ದರಿಂದ ನಿಮ್ಮ ಗಾತ್ರಕ್ಕೆ ಸುಮಾರು ಒಂದು ಎಚ್‌ಪಿ ಚಿಲ್ಲರ್ (ನೀರು ತಣಿಸುವ ಯಂತ್ರ) ಅನಿವಾರ್ಯ. ಅದನ್ನು ಕಪಾಟಿನೊಳಗೆ ತುರುಕಿದರೆ ತಾನು ಹೊರಹಾಕಿದ ಬಿಸಿಗಾಳಿಯನ್ನೇ ಎಳೆದುಕೊಂಡು ಸುಮ್ಮನೆ ಓಡುತ್ತಿರುತ್ತದೆ. ಯುಟಿಲಿಟಿಗೆ ಪೈಪು ದಾಟಿಸಲು ತೂತು ಬಿಡಿ ಎಂದದ್ದು ಇದಕ್ಕೇ.

ವಿದ್ಯುತ್ತಿನ ಲೆಕ್ಕವನ್ನು ಮನೆಯವರೆಲ್ಲರ ಎದುರು ಹಾಕಿ. ಪಂಪು, ಅಲೆ ಎಬ್ಬಿಸುವ ಯಂತ್ರ, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಸೇರಿ 200 ವ್ಯಾಟ್ ಎಂದರೆ ದಿನಕ್ಕೆ ಹತ್ತಿರ ಹತ್ತಿರ ಐದು ಯುನಿಟ್. 600 ವ್ಯಾಟಿನ ಎಲ್‌ಇಡಿ ಎಂಟು ಗಂಟೆ ಉರಿದರೆ ಇನ್ನೊಂದು ಐದು. ಬೇಸಗೆಯಲ್ಲಿ ಚಿಲ್ಲರ್ ಎಂಟು ಗಂಟೆ ಓಡಿದರೆ ಆರು. ತಿಂಗಳಿಗೆ 480 ಯುನಿಟ್ ಸುಮಾರಿಗೆ ಬರುತ್ತದೆ. ಮಳೆಗಾಲದಲ್ಲಿ ಚಿಲ್ಲರ್ ಬಹುಮಟ್ಟಿಗೆ ಸುಮ್ಮನಿರುವುದರಿಂದ ಇದು ಇಳಿಯುತ್ತದೆ, ಆದರೆ ಆಗ ಕರೆಂಟು ಹೋಗುವ ಭಯ. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ: 27 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂ ಹಿಡಿದರೆ ಕಡಲ ನೀರು ಹಿಡಿಯುವುದು ಆರೂವರೆ. ಒಂದು ಜೂನ್ ರಾತ್ರಿ ನಮ್ಮ ಬೀದಿಗೆ ತೆಂಗಿನ ಮರ ಬಿದ್ದು ಕರೆಂಟು ಹೋದಾಗ, ಎರಡು ಗಂಟೆ ಕಳೆಯುವಷ್ಟರಲ್ಲಿ ಟಾರ್ಚ್ ಬೆಳಕಿಗೆ ಕಂಡದ್ದು, ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಾಯಿಯಿಟ್ಟು, ಕಿವಿರುಗಳನ್ನು ಬಡಬಡನೆ ಬಡಿಯುತ್ತ ನಿಂತ ಸಾಲು. ಬ್ಯಾಟರಿಯ ಏರ್ ಪಂಪು ಹಚ್ಚಿ ಅರ್ಧ ಗಂಟೆಯಾದ ಮೇಲೆ ಅವು ಒಂದೊಂದಾಗಿ ಕೆಳಗಿಳಿದವು. ಅಲೆಯ ಯಂತ್ರವೊಂದನ್ನಾದರೂ ಇನ್ವರ್ಟರಿಗೆ ಜೋಡಿಸಿ. ದೀಪ ಮತ್ತು ಚಿಲ್ಲರ್ ಆ ಹೊತ್ತಿಗೆ ಇಲ್ಲದಿದ್ದರೂ ನಡೆಯುತ್ತದೆ.

ಪ್ರಶ್ನೆ: ನಮ್ಮ ಮನೆಯಿಂದ ಕಡಲಿಗೆ ಹತ್ತು ನಿಮಿಷದ ದಾರಿ. ಅಂಗಡಿಯಲ್ಲಿ ದುಬಾರಿ ಉಪ್ಪು ಕೊಳ್ಳುವ ಬದಲು ಕಡಲ ನೀರನ್ನೇ ತುಂಬಿಸಿ ತಂದರೆ ಆಗದೇ?
– ಓದುಗರು, ಸುರತ್ಕಲ್

ಉತ್ತರ: ಕೇಳಿದವರಲ್ಲಿ ನೀವು ಮೊದಲಿಗರಲ್ಲ, ಪ್ರಶ್ನೆ ಸಹಜವೂ ಹೌದು. ಆದರೆ ಹವಳ ಬೆಳೆಯುವ ಕಡಲಿಗೂ ನಮ್ಮ ದಡದ ಕಡಲಿಗೂ ಬಹಳ ಅಂತರವಿದೆ. ಹವಳಕ್ಕೆ ಲೀಟರಿಗೆ 35 ಗ್ರಾಂ ಲವಣಾಂಶವಿರುವ, ಕೆಸರಿಲ್ಲದ, ಪೋಷಕಾಂಶ ತೀರಾ ಕಡಿಮೆಯಿರುವ ನೀರು ಬೇಕು. ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ಒಟ್ಟಿಗೆ ಕಡಲು ಸೇರುತ್ತವೆ, ಉಡುಪಿಯ ಕಡೆ ಸೀತೆ ಮತ್ತು ಸ್ವರ್ಣೆ ಕೋಡಿಬೆಂಗ್ರೆಯಲ್ಲಿ ಸೇರುತ್ತವೆ. ಜೂನ್‌ನಿಂದ ಕೆಲವು ತಿಂಗಳು ದಡದ ನೀರು ಚಹಾದ ಬಣ್ಣಕ್ಕೆ ತಿರುಗಿ ಸಪ್ಪೆಯಾಗುತ್ತದೆ. ಬೇಸಗೆಯಲ್ಲಿ ಲವಣಾಂಶ ಸರಿಯಾಗಿದ್ದರೂ, ಪಣಂಬೂರು ಮತ್ತು ಮಲ್ಪೆಯಂತಹ ಬಂದರುಗಳ ಸುತ್ತಮುತ್ತ ದೋಣಿಗಳ ಡೀಸೆಲು, ಮೀನು ತೊಳೆದ ನೀರು, ಚರಂಡಿಯ ಫಾಸ್ಫೇಟು ಇವೆಲ್ಲ ಕಣ್ಣಿಗೆ ಕಾಣದೆ ಕ್ಯಾನಿನೊಳಗೆ ಬರುತ್ತವೆ.

ಉಪ್ಪಿನ ಮಿಶ್ರಣದ ಖರ್ಚು ಹೀಗೆ ಬರುತ್ತದೆ. ಲೀಟರಿಗೆ 36ರಿಂದ 38 ಗ್ರಾಂ ಎಂದುಕೊಂಡರೆ ಎರಡು ಸಾವಿರ ಲೀಟರಿಗೆ ಮೊದಲ ಬಾರಿ ಎಪ್ಪತ್ತೈದು ಕಿಲೋ, ಆಮೇಲೆ ಹದಿನೈದು ದಿನಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಿಸಲು ಏಳೂವರೆ ಕಿಲೋ ಬೇಕು. ಅಡುಗೆ ಉಪ್ಪಿನಿಂದ ಈ ಕೆಲಸ ಆಗುವುದಿಲ್ಲ. ಹವಳ ತನ್ನ ಅಸ್ಥಿಪಂಜರ ಕಟ್ಟಲು ಲೀಟರಿಗೆ 420 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ, 1,300 ಮಿಲಿಗ್ರಾಂನಷ್ಟು ಮೆಗ್ನೀಸಿಯಂ ಮತ್ತು ಸ್ಥಿರವಾದ ಕ್ಷಾರೀಯತೆ ಬೇಕು.

ಉಪ್ಪು ಕರಗಿಸುವ ಸಿಹಿನೀರೂ ಅಷ್ಟೇ ಮುಖ್ಯ. ತುಂಬೆಯ ಅಣೆಕಟ್ಟಿನಿಂದ ಬರುವ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಕೆಂಪು ಕಲ್ಲಿನ ನೆಲದ ಬಾವಿಗಳಲ್ಲಿ ಹಲವೆಡೆ ಕಬ್ಬಿಣದ ಅಂಶವಿರುತ್ತದೆ. ಆರ್‌ಒ ಯಂತ್ರದಿಂದ ಹೊರಬಂದ ನೀರು ಹಾದುಹೋಗುವಂತೆ, ಉಳಿದ ಲವಣಗಳನ್ನು ಹೀರುವ ಡಿಐ ರಾಳದ ಫಿಲ್ಟರ್ ಜೋಡಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ನೀರನ್ನೇ ಬಳಸಬೇಕು. ಆರ್‌ಒ ಹೊರಚೆಲ್ಲುವ ನೀರು, ತೊಟ್ಟಿಗೆ ಬಂದ ನೀರಿನ ಎರಡು ಮೂರು ಪಟ್ಟು ಇರುತ್ತದೆ. ಮೇ ತಿಂಗಳಲ್ಲಿ ನೀರಿಗೆ ರೇಷನ್ ಬರುವ ಊರಿನಲ್ಲಿ ಅದನ್ನು ಚರಂಡಿಗೆ ಬಿಡುವುದು ತಪ್ಪು, ತೆಂಗಿನ ಬುಡಕ್ಕೆ ಪೈಪು ಎಳೆಯಿರಿ.

ಪ್ರಶ್ನೆ: ದಡದಲ್ಲಿ ಬಿದ್ದಿರುವ ಹವಳದ ಕಲ್ಲು ಅಥವಾ ಮುರುಡೇಶ್ವರದ ಕಡೆಯಿಂದ ಮುಳುಗುಗಾರರು ತರುವ ತುಂಡುಗಳನ್ನು ತೊಟ್ಟಿಗೆ ಹಾಕಬಹುದೇ?
– ಓದುಗರು, ಕುಂದಾಪುರ

ಉತ್ತರ: ಖಂಡಿತ ಬೇಡ. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಕಡಲ ಬೀಸಣಿಗೆ, ಕಡಲ ಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲೇ ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ, ಸತ್ತ ತುಂಡಿಗೂ ಅನ್ವಯಿಸುತ್ತದೆ. ನಮ್ಮ ರಾಜ್ಯದ ತೀರದಲ್ಲಿ ಹವಳ ಬದುಕಿರುವ ಜಾಗಗಳೇ ಬೆರಳೆಣಿಕೆಯಷ್ಟು, ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪ ಅದರಲ್ಲಿ ಒಂದು. ಅಲ್ಲಿಂದ ಕಿತ್ತು ತಂದ ಒಂದು ಹಿಡಿ ಹವಳ ಅಷ್ಟು ಬೆಳೆಯಲು ಎಷ್ಟೋ ವರ್ಷ ತೆಗೆದುಕೊಂಡಿರುತ್ತದೆ, ತೊಟ್ಟಿಯಲ್ಲಿ ಅದು ವಾರದೊಳಗೆ ಸಾಯಬಹುದು. ತೊಟ್ಟಿಗಳಲ್ಲೇ ಕತ್ತರಿಸಿ ಬೆಳೆಸಿದ ಹವಳದ ತುಂಡುಗಳನ್ನು ಮಾತ್ರ, ಮೂಲ ತಿಳಿಸುವ ಕಾಗದಪತ್ರ ಮತ್ತು ರಸೀದಿಯೊಂದಿಗೆ ಕೊಳ್ಳಿ; ಯಾವ ಜಾತಿಗೆ ಯಾವ ಅನುಮತಿ ಬೇಕೆಂಬುದನ್ನು ಹಣ ಕೊಡುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ತೊಟ್ಟಿಯೊಳಗೆ ಕಲ್ಲಿನ ರಚನೆ ಕಟ್ಟಲು ಸುಟ್ಟ ಸೆರಾಮಿಕ್ ಕಲ್ಲು, ಅಚ್ಚು ಹಾಕಿದ ಅರಗೊನೈಟ್ (ಒಂದು ಸುಣ್ಣದ ಖನಿಜ) ಕಲ್ಲು ಧಾರಾಳವಾಗಿ ಸಿಗುತ್ತವೆ, ಅವುಗಳ ಮೇಲೂ ಹವಳ ಚೆನ್ನಾಗಿಯೇ ಹತ್ತಿಕೊಳ್ಳುತ್ತದೆ.

ಪ್ರಶ್ನೆ: ನೀರು ತುಂಬಿಸಿ ಒಂದು ವಾರವಾಯಿತು, ನೀರು ಹರಳಿನಂತೆ ತಿಳಿಯಾಗಿದೆ. ಮೀನು ಬಿಡಬಹುದೇ?
– ಓದುಗರು, ಕದ್ರಿ

ಉತ್ತರ: ತಿಳಿಯಾಗಿರುವುದು ಸಿದ್ಧವಾಗಿರುವುದರ ಗುರುತಲ್ಲ. ಮೀನು ಹೊರಹಾಕುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಕಲ್ಲಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ನೀವೇ ಹಾಕಿದ ಅಮೋನಿಯಾ ಒಂದು ದಿನದೊಳಗೆ ಸೊನ್ನೆಗೆ ಇಳಿದು, ನೈಟ್ರೈಟ್ ಕೂಡ ಸೊನ್ನೆಯಾದ ಮೇಲೆ ಒಂದು ಜೋಡಿ ಕ್ಲೌನ್ ಮೀನಿನಿಂದ ಆರಂಭಿಸಿ. ಅವುಗಳನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ, ಆದ್ದರಿಂದ ಸಾಕಿದ ಮರಿಗಳನ್ನೇ ಕೇಳಿ ಪಡೆಯಿರಿ. ಬರುವ ಪ್ರತಿ ಮೀನನ್ನೂ ಬೇರೆ ತೊಟ್ಟಿಯಲ್ಲಿ ಒಂದು ತಿಂಗಳು ಇಟ್ಟು ನೋಡಿ. ಬಿಳಿ ಚುಕ್ಕೆ ರೋಗ ದೊಡ್ಡ ತೊಟ್ಟಿಗೆ ಹೊಕ್ಕರೆ ಅಲ್ಲಿ ತಾಮ್ರದ ಔಷಧಿ ಹಾಕುವಂತಿಲ್ಲ, ಹವಳ ಮತ್ತು ಸಿಗಡಿ ಸಾಯುತ್ತವೆ; ಎಲ್ಲ ಮೀನನ್ನೂ ಹಿಡಿದು ಹೊರಗಿಟ್ಟು, ಎರಡೂವರೆ ತಿಂಗಳು ತೊಟ್ಟಿಯನ್ನು ಮೀನಿಲ್ಲದೆ ಬಿಡಬೇಕಾಗುತ್ತದೆ. ಹವಳಕ್ಕೆ ಇನ್ನೂ ಮೂರು ತಿಂಗಳು ಕಾಯಿರಿ.

ನಿಮ್ಮ ಪತ್ರದ ಕೊನೆಗೆ, ಕಂದು ಬಣ್ಣದ ಗುಂಡಿಯಂತಹ ಜೀವಿಗಳು ಕಲ್ಲಿನಲ್ಲಿವೆ, ಬಿಸಿನೀರು ಸುರಿದು ತೆಗೆಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಅವು ಪ್ಯಾಲಿಥೋವಾ ಎಂಬ, ಹವಳದ ಬಳಗದ ಜೀವಿಗಳಾಗಿದ್ದರೆ ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರಬಹುದು. ಬಿಸಿನೀರಿನ ಹಬೆಯೊಂದಿಗೆ ಅದು ಉಸಿರಿಗೆ ಸೇರಿ ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಬೇರೆ ದೇಶಗಳಲ್ಲಿ ನಡೆದಿವೆ. ಆ ಕಲ್ಲನ್ನು ಉಜ್ಜಬೇಡಿ, ಕುದಿಸಬೇಡಿ. ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ನೀರಿನೊಳಗಿರುವಂತೆಯೇ ಬಕೆಟ್ಟಿಗೆ ಇಳಿಸಿ ಹೊರಗೆ ಒಯ್ಯಿರಿ, ಮಕ್ಕಳನ್ನು ದೂರವಿಡಿ. ಫೋಟೊ ಕಳುಹಿಸಿದರೆ ಅದು ಏನೆಂದು ನೋಡಿ ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ.